ಇಪ್ಪತ್ತೆರಡು ಜಾಡಿ

ನಮ್ಮ ಬೀದಿಯ ವರ್ತಕರ ಸಂಘಕ್ಕೆ ನಾನು ಕಾರ್ಯದರ್ಶಿ ಆದದ್ದು ನನ್ನ ಯೋಗ್ಯತೆಯಿಂದ ಅಲ್ಲ, ನನ್ನ ಬಾಯಿಯಿಂದ. ಒಂದು ಸಭೆಯಲ್ಲಿ ಎದ್ದು ನಿಂತು, ಹದಿನೆಂಟು ವರ್ಷದಲ್ಲಿ ಬಿಸ್ಕತ್ತು ತಿಂದದ್ದು ಬಿಟ್ರೆ ಈ ಸಂಘ ಏನು ಕಡಿದು ಕಟ್ಟೆ ಹಾಕಿದೆ ಅಂತ ಕೇಳಿದೆ. ಎಲ್ಲರೂ ತಲೆ ತಗ್ಗಿಸಿಕೊಂಡ್ರು. ಆಮೇಲೆ ಯಾರೋ ಒಬ್ರು, ಹಾಗಾದ್ರೆ ನೀವೇ ಕಾರ್ಯದರ್ಶಿ ಆಗಿಬಿಡಿ ಅಂದ್ರು, ಉಳಿದವರು ಪಟಪಟ ಚಪ್ಪಾಳೆ ತಟ್ಟಿಬಿಟ್ರು. ಅದು ಗೌರವ ಅಲ್ಲ, ನನ್ನ ಬಾಯಿ ಮುಚ್ಚಿಸೋ ಉಪಾಯ ಅಂತ ನನಗೆ ಹೊಳೆದದ್ದು ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ.

ಅಧ್ಯಕ್ಷರು ಔಷಧಿ ಅಂಗಡಿಯವರು. ಸಾಧು ಮನುಷ್ಯ, ಒಬ್ಬರ ತಂಟೆಗೆ ಹೋದವರಲ್ಲ. ಚರಂಡಿ ಕಟ್ಟಿಕೊಂಡಿದೆ ಅಂದ್ರೆ ನೋಡೋಣ ಅನ್ನೋರು, ದೀಪ ಉರೀತಿಲ್ಲ ಅಂದ್ರೂ ನೋಡೋಣ ಅನ್ನೋರು. ಬೆನ್ನ ಹಿಂದೆ ಎಲ್ಲರೂ ಅವರನ್ನ 'ನೋಡೋಣ ಅಧ್ಯಕ್ಷರು' ಅಂತಲೇ ಕರೀತಿದ್ರು, ಅವರ ಹೆಂಡತಿಯೂ ಸೇರಿ.

ಬೀದಿ ಹೇಗಿದೆ ಅಂತ ಮೊದಲು ಹೇಳಿಬಿಡ್ತೀನಿ, ಇಲ್ಲದಿದ್ರೆ ನನ್ನ ಪೆದ್ದುತನ ನಿಮಗೆ ಅರ್ಥ ಆಗಲ್ಲ. ಮೇಲಿನ ತುದಿಯಲ್ಲಿ ಬಸ್ ಸ್ಟಾಪು. ಅಲ್ಲಿಂದ ಕೆಳಗೆ ಇಳಿಜಾರು. ಎಡಗಡೆ ಹಳೇ ಗೋದಾಮಿನ ಉದ್ದನೆ ಗೋಡೆ, ಬಲಗಡೆ ಒಂದೇ ಸಾಲಿನಲ್ಲಿ ಇಪ್ಪತ್ತೆರಡು ಅಂಗಡಿ. ಎಂಟನೇ ಅಂಗಡಿ ಹತ್ತಿರ ಬೀದಿ ಸ್ವಲ್ಪ ಎಡಕ್ಕೆ ತಿರುಗ್ತದೆ. ಆ ಎಂಟನೇದು ನನ್ನದು, ಗುಂಡಿ-ದಾರದ ಅಂಗಡಿ. ಜಿಪ್ಪು, ಲೇಸು, ಸೂಜಿ, ಕೊಕ್ಕೆ, ಅಂಗಿ ಗುಂಡಿಯಿಂದ ಕೋಟಿನ ಗುಂಡಿವರೆಗೆ ಎಲ್ಲವೂ ಇದೆ. ನನ್ನ ಪಕ್ಕದ್ದು ಪ್ಲಾಸ್ಟಿಕ್ ಬಕೆಟ್ ಅಂಗಡಿ. ಕಟ್ಟಕಡೆಗೆ, ಇಪ್ಪತ್ತೆರಡನೇದು, ನನ್ನ ತಂಗಿಯ ಗಡಿಯಾರ ರಿಪೇರಿ ಅಂಗಡಿ.

ಅದು ಅಪ್ಪನ ಅಂಗಡಿ. ಅಪ್ಪ ಮೊದಲು ಕೂರಿಸಿದ್ದು ನನ್ನನ್ನೇ, ದೊಡ್ಡವಳು ಅಂತ. ಒಂದು ಸಣ್ಣ ಸ್ಪ್ರಿಂಗು ಚಿಮಟದಿಂದ ಹಾರಿಹೋದ್ರೆ ನಾನು ಇಡೀ ಗಡಿಯಾರವನ್ನೇ ಎಸೆಯೋಕೆ ಹೋಗ್ತಿದ್ದೆ. ಮೂರನೇ ದಿನ ನನ್ನನ್ನ ಎಬ್ಬಿಸಿ ಪುಟ್ಟಿಯನ್ನ ಕೂರಿಸಿದ್ರು. ಅವಳಿಗೆ ಆಗ ಹನ್ನೆರಡು, ಈಗ ನಲವತ್ತಾರು, ನನಗೆ ಮಾತ್ರ ಇನ್ನೂ ಪುಟ್ಟಿಯೇ. ಸ್ಪ್ರಿಂಗು ಹಾರಿದ್ರೆ ಅವಳು ಉಸಿರು ಬಿಡದೆ ಮಂಡಿಯೂರಿ, ನೆಲದ ಮೇಲೆ ಕೈ ಸವರಿ ಸವರಿ ಹುಡುಕಿ, ಸಿಕ್ಕ ಮೇಲೇ ಏಳೋದು. ಅವಳ ಜೀವ ಇರೋದು ಅಪ್ಪನ ಆ ಮೇಜಿನಲ್ಲಿ. ಅರವತ್ತು ಸಣ್ಣ ಡ್ರಾಯರ್ ಇರೋ ಮೇಜು ಅದು, ಯಾವುದರಲ್ಲಿ ಯಾವ ಹಲ್ಲಿನ ಚಕ್ರ ಇದೆ ಅಂತ ಕಣ್ಣು ಮುಚ್ಚಿಕೊಂಡು ಹೇಳ್ತಾಳೆ.

ಹೋದ ವರ್ಷ ಒಂದು ಮಧ್ಯಾಹ್ನ ಅವಳು ನನ್ನಂಗಡಿಗೆ ಬಂದು, ಹೊರಗಿನ ದಾರದ ಸ್ಟ್ಯಾಂಡನ್ನ ಸುಮ್ಮನೆ ತಿರುಗಿಸ್ತಾ ನಿಂತ್ಲು. ಆಮೇಲೆ, ಇವತ್ತು ಸೆಕೆ ಜಾಸ್ತಿ ಅನ್ನೋ ಹಾಗೆ, ದೊಡ್ಡ ಶಾಪಿಂಗ್ ಕಾಂಪ್ಲೆಕ್ಸಿನವರು ಕರೀತಿದಾರೆ ಅಂದ್ಲು. ಎಸ್ಕಲೇಟರ್ ಪಕ್ಕ ಒಂದು ಸ್ಟೂಲು ಕೊಡ್ತಾರಂತೆ, ಬಂದವರ ಗಡಿಯಾರಕ್ಕೆ ಸೆಲ್ಲು ಬದಲಾಯಿಸೋದು, ಅಷ್ಟೇ. ಬರೋ ತಿಂಗಳ ಒಂದನೇ ತಾರೀಕಿಗೆ ಉತ್ತರ ಹೇಳಬೇಕಂತೆ. ಇಲ್ಲಿ ದಿನಕ್ಕೆ ಇಬ್ಬರು ಬಂದ್ರೆ ಹೆಚ್ಚು, ಒಂದೊಂದು ದಿನ ಅದೂ ಇಲ್ಲ ಅಂದ್ಲು.

"ಅಪ್ಪನ ಮೇಜು ನಿನ್ನಂಗಡೀಲಿ ಇಟ್ಕೊಳ್ತೀಯಾ ಅಕ್ಕ? ಅಲ್ಲಿಗೆ ಅದು ಹಿಡಿಸಲ್ಲ."

ಅಳಬೇಕಿತ್ತು ನಾನು. ಆದ್ರೆ ನನಗೆ ದುಃಖ ಬಂದ್ರೆ ಅದು ಸಿಟ್ಟಾಗಿಯೇ ಹೊರಗೆ ಬರೋದು, ಏನು ಮಾಡಲಿ. ಸಿಟ್ಟು ಬಂದಾಗ ಬಯ್ಯೋಕೆ ನನಗೆ ಪಕ್ಕದಲ್ಲೇ ಒಬ್ಬ ಸಿದ್ಧವಾಗಿದ್ದ.

ಬಕೆಟ್ ಯಜಮಾನ. ಅವನಿಗೂ ನನಗೂ ಹಾವು ಮುಂಗುಸಿ. ಫುಟ್‌ಪಾತಿನ ಮೇಲೆ ಬಕೆಟ್ ಮೇಲೆ ಬಕೆಟ್ ಪೇರಿಸಿ, ಎರಡಾಳೆತ್ತರ ಗೋಪುರ ಮಾಡಿ, ಅದರ ಪಕ್ಕ ಕುರ್ಚಿ, ಕುರ್ಚಿ ಪಕ್ಕ ಪೊರಕೆ ಕಟ್ಟು. ನಡೆಯೋಕೆ ಜಾಗ ಇಲ್ಲ. ಅವನನ್ನ ನೋಡಿ ಅವನ ಪಕ್ಕದ ಚಪ್ಪಲಿ ಅಂಗಡಿಯವರು ಇನ್ನೊಂದು ಗೇಣು ಮುಂದೆ, ಅವರನ್ನ ನೋಡಿ ಅದರಾಚೆಯವರು. ನನ್ನ ತಂಗಿಯ ಅನ್ನಕ್ಕೆ ಕಲ್ಲು ಹಾಕ್ತಿರೋದು ಇವನೇ ಅಂತ ನಾನು ಹನ್ನೆರಡು ವರ್ಷದಿಂದ ಬಾಯಿ ಬಡ್ಕೊಳ್ತಿದ್ದೆ. ಅವನು ಕಿವಿ ಮೇಲೆ ಹಾಕ್ಕೊಂಡವನೇ ಅಲ್ಲ.

ಮರುದಿನವೇ ಸಭೆ ಕರೆದೆ. ಔಷಧಿ ಅಂಗಡಿ ಮೇಲಿನ ಕೋಣೆ, ಸುತ್ತ ರಟ್ಟಿನ ಪೆಟ್ಟಿಗೆ, ಮಾತ್ರೆ ವಾಸನೆ. ಕೆಳಗಿನ ಅಂಗಡಿಗಳು ಯಾಕೆ ಒಣಗ್ತಿವೆ ಅಂತ ಎಲ್ಲರಿಗೂ ಗೊತ್ತು, ಕಾರಣ ಈ ಕೋಣೆಯಲ್ಲೇ ಕೂತು ಬಿಸ್ಕತ್ತು ಅದ್ದಿಕೊಂಡು ತಿಂತಿದೆ ಅಂತ ಬಕೆಟ್ ಯಜಮಾನನ ಕಡೆ ನೋಡ್ತಾ ಹೇಳಿದೆ. ಅವನು ನಿಧಾನವಾಗಿ ಬಾಯಿ ಒರೆಸ್ಕೊಂಡು, ಅಕ್ಕಾವ್ರ ಹತ್ರ ಸಾಕ್ಷಿ ಇದ್ರೆ ತೋರಿಸಲಿ, ಇವತ್ತೇ ಎಲ್ಲ ಒಳಗೆ ಇಡ್ತೀನಿ ಅಂದ. ಅಧ್ಯಕ್ಷರು ನೋಡೋಣ ಅಂದ್ರು.

ಆಗ ಮಾತಾಡಿದ್ದು ಕನ್ನಡಕದ ಮೇಡಂ. ಮೂರನೇ ಅಂಗಡಿ, ಬಂದು ಇನ್ನೂ ವರ್ಷ ಆಗಿಲ್ಲ. ದಿನಾ ಜನರನ್ನ ಕೂರಿಸಿ, ಕಾಣ್ತದೆ ಅಂದ್ರೆ ನಂಬದೆ, ಎಲ್ಲಿ ಕೆಳಗಿನ ಸಾಲು ಓದಿ ಅನ್ನೋ ಕಸುಬು ಅವಳದ್ದು. ಜಗಳ ಆಮೇಲೆ ಆಡೋಣ, ಮೊದಲು ಎಣಿಸೋಣ ಅಂದ್ಲು. ಬಸ್ಸು ಇಳಿದು ಬರೋ ಜನ ಎಲ್ಲಿವರೆಗೆ ಬರ್ತಾರೆ, ಎಲ್ಲಿಂದ ವಾಪಸ್ ಹೋಗ್ತಾರೆ, ಅದು ಯಾರಿಗಾದ್ರೂ ಗೊತ್ತಾ ಅಂತ ಕೇಳಿದ್ಲು. ಯಾರಿಗೂ ಗೊತ್ತಿರಲಿಲ್ಲ. ಎಣಿಸೋದು ಸರಿ, ಗಿರಾಕಿ ಬಂದಾಗ ಲೆಕ್ಕ ತಪ್ಪಿಹೋದ್ರೆ ಅಂತ ಚಪ್ಪಲಿ ಅಂಗಡಿಯವರು ರಾಗ ಎಳೆದ್ರು.

ಅದಕ್ಕೆ ದಾರಿ ತೋರಿಸಿದವಳು ನಾನೇ, ಅದನ್ನ ಮಾತ್ರ ಬಿಟ್ಟುಕೊಡಲ್ಲ. ನನ್ನ ಅಟ್ಟದ ಮೇಲೆ ನಮ್ಮ ಮಾವನ ಕಾಲದ ಕಂದು ಕೋಟು ಗುಂಡಿ ಮೂರು ಚೀಲ ಬಿದ್ದಿತ್ತು, ಯಾರೂ ಮೂಸಿ ನೋಡದ ಮಾಲು. ಒಬ್ಬೊಬ್ಬರಿಗೂ ಒಂದು ರಾಶಿ ಕೊಡ್ತೀನಿ ಅಂದೆ. ಕೆಳಗಡೆ ಹೋಗೋರು ಯಾರೇ ನಿಮ್ಮ ಬಾಗಿಲು ದಾಟಿದ್ರೂ ಒಂದು ಗುಂಡಿ ಜಾಡಿಗೆ ಹಾಕೋದು, ಕೈ ತನ್ನಷ್ಟಕ್ಕೆ ಹಾಕ್ತದೆ, ಬಾಯಿ ಗಿರಾಕಿ ಹತ್ರ ಮಾತಾಡ್ತದೆ. ಬೇಕರಿಯವನು ಒಂದೇ ಅಳತೆಯ ಇಪ್ಪತ್ತೆರಡು ಗಾಜಿನ ಜಾಡಿ ತೊಳೆದು ಕೊಡ್ತೀನಿ ಅಂದ. ಸಂಘ ಒಮ್ಮತದಿಂದ ಒಂದು ಕೆಲಸ ಒಪ್ಪಿಕೊಂಡಿದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು. ಬೀದಿ ತುಂಬ ಟಣ್ ಟಣ್ ಸದ್ದು. ಬೇಕರಿಯವನು ನಾಯಿ ದಾಟಿದ್ರೂ ಒಂದು ಗುಂಡಿ ಹಾಕಿದ್ದಕ್ಕೆ ಆಮೇಲೆ ಅವನದ್ದರಿಂದ ಆರು ತೆಗೆಸಿದ್ವಿ. ನಾನು ಕೂತಲ್ಲಿಂದಲೇ ಹಾಕ್ತಿದ್ದೆ, ಒಂದು ಕಣ್ಣು ಬಕೆಟ್ ಯಜಮಾನನ ಮೇಲೆ, ಕಳ್ಳಾಟ ಆಡಿಬಿಟ್ಟಾನು ಅಂತ. ಮನಸ್ಸಿನಲ್ಲೇ ಸಂಜೆಯ ಭಾಷಣ ತಯಾರಾಗ್ತಿತ್ತು.

ನಾಲ್ಕು ಗಂಟೆಗೆ ಎಲ್ಲರೂ ಜಾಡಿ ಹೊತ್ತು ಸಭೆಯ ಕೋಣೆಗೆ ಬಂದ್ರು. ಉದ್ದ ಮೇಜಿನ ಮೇಲೆ ಅಂಗಡಿಯ ಸಾಲಿನಂತೆಯೇ ಸಾಲಾಗಿ ಇಟ್ವಿ. ಒಂದನೇದು ಕುತ್ತಿಗೆವರೆಗೆ, ಎರಡನೇದೂ ಅಷ್ಟೇ, ಆಮೇಲೆ ಚೂರು ಚೂರೇ ಇಳೀತಾ ಬಂದು, ಎಂಟನೇದು, ನನ್ನದು, ಮುಕ್ಕಾಲು ಜಾಡಿ. ಒಂಬತ್ತನೇದು, ಬಕೆಟ್ ಯಜಮಾನನದ್ದು, ನಾಲ್ಕೇ ಬೆರಳು. ಅಲ್ಲಿಂದ ಮುಂದೆ ಮೂರು, ಎರಡು, ತಳ. ಕಡೇದು ಪುಟ್ಟಿಯದ್ದು. ಅದರಲ್ಲಿ ಹನ್ನೊಂದು ಗುಂಡಿ ಇತ್ತು, ಎಣಿಸೋದೇ ಬೇಕಾಗಿರಲಿಲ್ಲ.

ನಾನು ಕುಣಿದಾಡಿಬಿಟ್ಟೆ. ನೋಡಿ, ನೋಡಿ, ಎಲ್ಲಿ ಬಿತ್ತು ನೋಡಿ, ಬಕೆಟ್ ಅಂಗಡಿ ಹತ್ರ ಬಿತ್ತು, ನಾನು ಹನ್ನೆರಡು ವರ್ಷದಿಂದ ಹೇಳ್ತಿದ್ದೀನಿ ಅಂತ ಮೇಜು ಕುಟ್ಟಿದೆ. ಜಾಡಿಗಳೆಲ್ಲ ಗಲಗಲ ಅಂದ್ವು. ಬಕೆಟ್ ಯಜಮಾನ ಮಾತ್ರ ಚಾವಣಿ ನೋಡ್ತಾ ಕೂತಿದ್ದ. ಕನ್ನಡಕದ ಮೇಡಂ ನನ್ನ ಜಾಡಿ ಮೇಲೆ ಒಂದು ಬೆರಳು, ಅವನ ಜಾಡಿ ಮೇಲೆ ಒಂದು ಬೆರಳು ಇಟ್ಲು.

"ಅವರ ಬಾಗಿಲು ದಾಟಿದ್ರೆ ತಾನೇ ಅವರ ಜಾಡಿಗೆ ಗುಂಡಿ ಬೀಳೋದು? ಜನ ಅಲ್ಲಿವರೆಗೆ ಬಂದೇ ಇಲ್ಲ ಅಕ್ಕ. ನಿಮ್ಮ ಬಾಗಿಲಲ್ಲೇ ತಿರುಗಿಬಿಟ್ಟಿದಾರೆ."

ನೆಲ ಬಿರಿದು ನನ್ನನ್ನ ನುಂಗಬಾರದಾ ಅನ್ನಿಸಿತು. ಯಾಕಂದ್ರೆ ಆ ಕ್ಷಣವೇ ನನ್ನ ಅಂಗಡಿ ನನಗೆ ಮೊದಲ ಸಲ ಹೊರಗಿನಿಂದ ಕಾಣಿಸ್ತು. ಬಾಗಿಲಾಚೆ ಇಳಿಜಾರಿನ ಬದಿಗೆ, ಸರಿಯಾಗಿ ತಿರುವಿನಲ್ಲಿ, ರಸ್ತೆವರೆಗೆ ಚಾಚಿದ ತಗಡಿನ ಮಾಡು. ಮಾಡಿನ ತುದಿಯಿಂದ ಇಳಿಬಿದ್ದ ದೊಡ್ಡ ಬೋರ್ಡು. ಬೋರ್ಡಿನ ಕೆಳಗೆ ತಿರುಗೋ ದಾರದ ಸ್ಟ್ಯಾಂಡು, ಅದರ ಸುತ್ತ ಲೇಸಿನ ಪರದೆ. ಬಸ್ ಸ್ಟಾಪಿನಿಂದ ಇಳಿದು ಬಂದವರಿಗೆ ಬೀದಿ ಅಲ್ಲಿಗೇ ಮುಗಿದ ಹಾಗೆ. ನನ್ನ ಮುಂದೆ ಬಂದು, ನಿಂತು, ಹಿಂದಕ್ಕೆ ಹೋಗೋ ಜನರನ್ನ ಹನ್ನೆರಡು ವರ್ಷ ನೋಡಿದ್ದೆ. ನಮ್ಮ ಅಂಗಡಿ ನೋಡೋಕೇ ಬಂದವರು ಅಂದ್ಕೊಂಡು ಉಬ್ಬಿಹೋಗಿದ್ದೆ.

ಯಾರೂ ನಗಲಿಲ್ಲ, ಅದೇ ಹೆಚ್ಚು ಕಷ್ಟ ಆಯ್ತು. ನಾನು ಧಡಧಡ ಮೆಟ್ಟಿಲು ಇಳಿದೆ. ಪುಟ್ಟಿ ಹಿಂದೆಯೇ ಬಂದ್ಲು. ನಿನಗೆ ಗೊತ್ತಿತ್ತಾ ಅಂತ ಕೇಳಿದೆ. ಗೊತ್ತಿತ್ತು ಅಂದ್ಲು. ಮತ್ತೆ ಬಾಯಿಗೆ ಬೀಗ ಹಾಕ್ಕೊಂಡು ಯಾಕೆ ಕೂತಿದ್ದೆ, ನಾನೇನು ಹೊರಗಿನವಳಾ ಅಂತ ಅವಳ ಮೇಲೇ ಹರಿಹಾಯ್ದೆ.

"ನೀನು ಆ ಮಾಡು ಹಾಕಿಸಿದ್ದು ಭಾವ ತೀರಿಕೊಂಡ ವರ್ಷ" ಅಂದ್ಲು. "ಆ ವರ್ಷ ನಿನ್ನಂಗಡಿ ನಡೀಬೇಕಿತ್ತು ಅಕ್ಕ."

ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತೆ. ನಮ್ಮೆಜಮಾನ್ರು ಹೋದಾಗ ಮಗಳಿಗೆ ಒಂಬತ್ತು ವರ್ಷ. ಇದ್ದ ಧೈರ್ಯ ಎಲ್ಲ ಸೇರಿಸಿ ಆ ತಗಡು ಹಾಕಿಸಿದ್ದೆ, ಬೀದಿಗೆಲ್ಲ ನಾನೇ ಕಾಣಬೇಕು ಅಂತ. ಕಂಡೆ. ಅವಳನ್ನ ಮರೆ ಮಾಡಿ ಕಂಡೆ. ಹನ್ನೆರಡು ವರ್ಷ ಅವಳು ದಿನಾ ಆ ತಗಡಿನ ಕೆಳಗೆ ತಲೆ ಬಗ್ಗಿಸಿ ದಾಟಿಕೊಂಡು, ಅಕ್ಕ ಊಟ ಆಯ್ತಾ ಅಂತ ಕೇಳ್ಕೊಂಡು ಹೋಗಿದ್ದಾಳೆ. ನಾನು ಗೋಡೆಗೆ ಒರಗಿ ಜೋರಾಗಿ ಅತ್ತೆ. ಈ ಸಲ ಅದು ಸಿಟ್ಟಾಗಿ ಬರಲಿಲ್ಲ.

ಅತ್ತು ಮುಗಿದ ಮೇಲೆ ಹೇಳಿದೆ: ಒಂದನೇ ತಾರೀಕಿಗೆ ಮುಂಚೆ ಕಡೇ ಶನಿವಾರ ಮತ್ತೆ ಎಣಿಸ್ತೀವಿ. ನಿನ್ನ ಜಾಡಿಗೆ ನೂರು ಗುಂಡಿ ಬೀಳದಿದ್ರೆ ನಾನೇ ಅಪ್ಪನ ಮೇಜು ಹೊತ್ಕೊಂಡು ಬರ್ತೀನಿ, ನೀನು ಸ್ಟೂಲಿಗೆ ಹೋಗು. ಅವಳು ನನ್ನ ಮುಖ ನೋಡಿ, ಸರಿ ಅಂದ್ಲು. ಅವಳಿಗೆ ನಂಬಿಕೆ ಇರಲಿಲ್ಲ, ನನ್ನನ್ನ ಸಮಾಧಾನ ಮಾಡೋಕೆ ಹೇಳಿದ್ಲು ಅಂತ ನನಗೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ನಾನು ಸ್ಟೂಲು ಹಾಕ್ಕೊಂಡು, ಸ್ಪಾನರ್ ಹಿಡ್ಕೊಂಡು ಮಾಡಿನ ಬೋಲ್ಟ್ ತಿರುಗಿಸ್ತಿದ್ದೆ. ತುಕ್ಕು ಹಿಡಿದು ಜಪ್ಪಯ್ಯ ಅಂದ್ರೂ ಅಲುಗಲಿಲ್ಲ. ಹಿಂದಿನಿಂದ ಯಾರೋ ಕೆಮ್ಮಿದ ಹಾಗಾಯ್ತು. ಬಕೆಟ್ ಯಜಮಾನ ಏಣಿ ಹೊತ್ಕೊಂಡು ನಿಂತಿದ್ದ. ಸ್ಟೂಲಿನಿಂದ ಬಿದ್ದು ಸೊಂಟ ಮುರ್ಕೊಂಡ್ರೆ ಆ ಪಾಪವೂ ನನ್ನ ತಲೆಗೇ ಕಟ್ತೀರಿ, ಇಳೀರಿ ಅಂದ. ನಾನು ಇಳಿದೆ. ಅವನು ಹತ್ತಿ, ಎಣ್ಣೆ ಬಿಟ್ಟು, ಒಂದೊಂದೇ ಬಿಚ್ಚಿದ. ನಾನು ಕೆಳಗಿನಿಂದ ತಗಡು ಹಿಡ್ಕೊಂಡೆ.

ಕೊನೇ ಹಾಳೆ ಇಳಿದಾಗ ಅವನೊಂದು ಮಾತು ಹೇಳಿದ. ಆ ಮಾಡು ಎದ್ದಮೇಲೆ ಅವನ ಅಂಗಡಿ ಬಸ್ ಸ್ಟಾಪಿಗೆ ಕಾಣೋದೇ ನಿಂತುಹೋಯ್ತಂತೆ. ಮಾಡಿನ ಮೇಲಿಂದಾದ್ರೂ ಕಾಣಲಿ ಅಂತ ಬಕೆಟ್ ಮೇಲೆ ಬಕೆಟ್ ಪೇರಿಸೋಕೆ ಶುರು ಮಾಡಿದ್ದಂತೆ. ಮೊದಲೇ ಹೇಳೋಕೇನಾಗಿತ್ತು ಅಂದೆ. ಅವನು ಹಲ್ಲು ಕಿರಿದು, ನಿಮ್ಮ ಹತ್ರ ಮಾತು ಶುರು ಮಾಡೋದು ಯಾರು, ಮುಗಿಸೋದು ಯಾವಾಗ ಅಂದ. ಹನ್ನೆರಡು ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ಅವತ್ತೇ ಅವನು ಗೋಪುರ ಇಳಿಸಿದ. ಸೋಮವಾರ ಚಪ್ಪಲಿ ಅಂಗಡಿಯವರು ಗೇಣು ಹಿಂದೆ ಹೋದ್ರು, ಬುಧವಾರದ ಹೊತ್ತಿಗೆ ಇಡೀ ಸಾಲು. ಸಂಘದ ಕಡೆಯಿಂದ ನಾನು ಸುಣ್ಣದ ಡಬ್ಬಿ ಹಿಡ್ಕೊಂಡು ಒಂದನೇ ಅಂಗಡಿಯಿಂದ ಇಪ್ಪತ್ತೆರಡನೇದರವರೆಗೆ ಬಿಳಿ ಗೆರೆ ಎಳೆದೆ, ಅದರಿಂದಾಚೆ ಒಂದು ಸೂಜಿಯೂ ಇಡಬಾರದು ಅಂತ. ಸಾಮಾನು ಸರಿದ ಮೇಲೆ ಕೆಳಗಿದ್ದ ಫುಟ್‌ಪಾತಿನ ಗತಿ ಗೊತ್ತಾಯ್ತು. ಅರ್ಧಕ್ಕರ್ಧ ಕಲ್ಲೇ ಇಲ್ಲ, ಇದ್ದದ್ದು ಅಲುಗಾಡ್ತಿತ್ತು.

ನಾನು ಅದೇ ಬೀದಿ ಬಗ್ಗೆ ನಗರಸಭೆಗೆ ಒಬ್ಬಳೇ ಏಳು ಅರ್ಜಿ ಬರೆದವಳು, ಏಳೂ ಎಲ್ಲಿಗೆ ಹೋದ್ವೋ ದೇವರಿಗೇ ಗೊತ್ತು. ಈ ಸಲ ಇಪ್ಪತ್ತೆರಡು ಜನರ ಸಹಿ, ಸಂಘದ ಮೊಹರು. ಅಧ್ಯಕ್ಷರು ಜೊತೆಗೆ ಎಂಟನೇ ಜಾಡಿ, ಒಂಬತ್ತನೇ ಜಾಡಿ, ಪುಟ್ಟಿಯ ಜಾಡಿ ಮೂರನ್ನೂ ಚೀಲದಲ್ಲಿ ಹಾಕ್ಕೊಂಡ್ರು. ನಾವು ಎಂಟು ಜನ ಹೋಗಿ ಇಂಜಿನಿಯರ್ ಮೇಜಿನ ಮುಂದೆ ನಿಂತ್ವಿ. ಅವರು ಅರ್ಜಿ ತಿರುವಿ ಹಾಕಿ, ಆಯ್ತು, ನೋಡೋಣ ಅಂದ್ರು.

ನಮ್ಮ ಅಧ್ಯಕ್ಷರ ಕಿವಿ ಕೆಂಪಾಗಿದ್ದು ನಾನು ನೋಡಿದೆ. ಮೂರು ಜಾಡಿ ತೆಗೆದು ಮೇಜಿನ ಮೇಲೆ ಕುಟ್ಟಿ ಇಟ್ರು. "ನೋಡೋಕೆ ಇಲ್ಲಿಗೇ ತಂದಿದ್ದೀವಿ ಸರ್. ಈಗಲೇ ನೋಡಿ" ಅಂದ್ರು. ಆಮೇಲೆ ಯಾವ ಜಾಡಿ ಏನು ಹೇಳ್ತದೆ ಅಂತ ಒಂದು ಕ್ಷಣವೂ ತಡವರಿಸದೆ ವಿವರಿಸಿದ್ರು. ಇಂಜಿನಿಯರ್ ಪುಟ್ಟಿಯ ಜಾಡಿ ಎತ್ತಿ ಅಲ್ಲಾಡಿಸಿ, ಇಷ್ಟೇನಾ ಅಂತ ಕೇಳಿದ್ರು. ಒಂಬತ್ತನೇ ದಿನ ಕಲ್ಲು ತುಂಬಿದ ಲಾರಿ ಬಂತು. ಕೆಲಸ ನಡೆದಷ್ಟು ದಿನ ಅಧ್ಯಕ್ಷರು ಔಷಧಿ ಅಂಗಡಿ ಹೆಂಡತಿಗೆ ಬಿಟ್ಟು, ಕಲ್ಲು ಕೂರಿಸೋರ ತಲೆ ಮೇಲೇ ನಿಂತಿದ್ರು. ಹೊಸ ಕಲ್ಲಿನ ಮೇಲೆ ನಾನು ಬಿಳಿ ಗೆರೆ ಮತ್ತೆ ಎಳೆದೆ.

ಪುಟ್ಟಿಗೆ ನಾನೊಂದು ಮಾತು ಹೇಳಿದೆ. ಅಂಗಡಿ ಒಳಗೆ ಗೋಡೆಗೆ ತೂಗು ಹಾಕಿದ್ದ ಅಪ್ಪನ ದೊಡ್ಡ ಗಡಿಯಾರ ಹೊರಗೆ ಬರಲಿ. ಬಕೆಟ್ ಯಜಮಾನ ನನ್ನದೇ ಮಾಡಿನ ಕಬ್ಬಿಣದ ಕಂಬಿ ಕತ್ತರಿಸಿ, ಅವಳ ಬಾಗಿಲ ಮೇಲೆ, ಗೆರೆ ದಾಟದ ಹಾಗೆ, ತೋಳು ಕೂರಿಸಿಕೊಟ್ಟ. ಗಡಿಯಾರ ಏರಿದ ದಿನ ನಾನು ಬಸ್ ಸ್ಟಾಪಿನವರೆಗೆ ಓಡಿಹೋಗಿ ತಿರುಗಿ ನೋಡಿದೆ. ಇಡೀ ಬೀದಿ ಉದ್ದಕ್ಕೆ ಬಿಚ್ಚಿಕೊಂಡು ಬಿದ್ದಿತ್ತು, ತುದಿಯಲ್ಲಿ ಅಪ್ಪನ ಗಡಿಯಾರ ಹತ್ತೂ ಇಪ್ಪತ್ತು ತೋರಿಸ್ತಿತ್ತು. ಬಸ್ಸಿಗೆ ಕಾಯ್ತಿದ್ದ ಒಬ್ಬ ಅದನ್ನ ನೋಡಿ ತನ್ನ ಕೈಗಡಿಯಾರ ಸರಿ ಮಾಡ್ಕೊಂಡ. ಅವನನ್ನ ತಬ್ಬಿಕೊಳ್ಳಬೇಕು ಅನ್ನಿಸಿದ್ದನ್ನ ಕಷ್ಟಪಟ್ಟು ತಡ್ಕೊಂಡೆ.

ಸುಳ್ಳು ಹೇಳಲ್ಲ, ಮೊದಲ ವಾರ ನನ್ನ ವ್ಯಾಪಾರ ಬಿದ್ದಿತ್ತು. ಒಳಗೊಳಗೇ ಪುಕಪುಕ ಅಂತಿತ್ತು. ಮೂರನೇ ವಾರಕ್ಕೆ ಕೆಳಗೆ ಹೋದವರು ವಾಪಸ್ ಬರೋವಾಗ ಒಳಗೆ ಇಣುಕೋಕೆ ಶುರು ಮಾಡಿದ್ರು, ಒಂದೇ ಗಿರಾಕಿ ಎರಡು ಸಲ ನನ್ನ ಬಾಗಿಲು ದಾಟಿದ ಹಾಗಾಯ್ತು. ಈ ಬುದ್ಧಿ ಬರೋಕೆ ನನಗೆ ಹನ್ನೆರಡು ವರ್ಷ ಬೇಕಾಯ್ತು.

ಕಡೇ ಶನಿವಾರ ಬಂತು. ಹತ್ತು ಗಂಟೆಗೆ ಮತ್ತೆ ಟಣ್ ಟಣ್. ಪುಟ್ಟಿಗೆ ಇನ್ನೂರು ಗುಂಡಿ ಕೊಟ್ಟಿದ್ದೆ, ಕೊಡೋವಾಗ ಅವಳು ಇಷ್ಟೆಲ್ಲ ಯಾಕೆ ಅಂತ ನಕ್ಕಿದ್ಲು. ನಿಯಮ ನಿಯಮವೇ, ಯಾರೂ ತಮ್ಮ ಬಾಗಿಲು ಬಿಟ್ಟು ಕದಲಬಾರದು, ಹಾಗಾಗಿ ಕೆಳಗೆ ಏನು ನಡೀತಿದೆ ಅಂತ ನೋಡೋಕೂ ಆಗಲ್ಲ. ಜನ ದಾಟ್ತಿದ್ರು, ನಾನು ಹಾಕ್ತಿದ್ದೆ. ಇವರೆಲ್ಲ ಚಪ್ಪಲಿ ಅಂಗಡಿವರೆಗೆ ಹೋಗಿ ತಿರುಗಿಬಿಟ್ರೆ, ಕೊನೇವರೆಗೆ ಯಾರೂ ಹೋಗದಿದ್ರೆ ಅಂತ ಒಂದೇ ಗುಂಗು. ಒಬ್ಬಾಕೆ ಬಂದು ನೀಲಿ ದಾರ ಕೇಳಿದ್ರೆ ಹಸಿರು ಕೊಟ್ಟು ಬೈಸಿಕೊಂಡೆ. ಮೇಜು ಹೊರೋಕೆ ಎಷ್ಟು ಜನ ಬೇಕಾಗ್ತಾರೆ ಅಂತ ಯೋಚನೆ ಬಂದು, ಥೂ ಅಂತ ತಲೆ ಕೊಡವಿದೆ.

ಹನ್ನೊಂದೂಕಾಲು ಆಗಿತ್ತು. ಬಿಳಿ ಗೆರೆಯಾಚೆ, ಹೊಸ ಕಲ್ಲಿನ ಮೇಲೆ, ಯಾರೋ ಕೆಳಗಿನಿಂದ ಬಿರಬಿರನೆ ಬರ್ತಿದ್ರು. ಪುಟ್ಟಿ. ಭೂತಗನ್ನಡಿ ಹಣೆ ಮೇಲೆ ಹಾಗೇ ಇತ್ತು, ಕೈಯಲ್ಲಿ ಜಾಡಿ. ನಿಯಮ ಮುರಿದು ಬಂದಿದ್ದಾಳೆ, ಕೆಲಸ ಕೆಟ್ಟಿತು, ಇವಳು ಸೋತು ಎದ್ದು ಬಂದುಬಿಟ್ಲು ಅಂದ್ಕೊಂಡೆ. ಅವಳು ಬಂದು ಜಾಡಿಯನ್ನ ನನ್ನ ಗಲ್ಲಾ ಮೇಲೆ ಇಟ್ಲು. ಅದು ಕುತ್ತಿಗೆವರೆಗೆ ತುಂಬಿತ್ತು.

"ಅಕ್ಕಾ, ಗುಂಡಿ ಮುಗಿದುಹೋಯ್ತು" ಅಂದ್ಲು.

ನನಗೆ ಬಾಯಿಯೇ ಬರಲಿಲ್ಲ. ಈ ಬೀದಿಯಲ್ಲಿ ಇದನ್ನ ಯಾರೂ ನಂಬಲ್ಲ, ಆದ್ರೂ ಸತ್ಯ. ಅಟ್ಟ ಹತ್ತೋಷ್ಟು ತಾಳ್ಮೆ ಇಲ್ಲದೆ, ಕೈಗೆ ಸಿಕ್ಕ ಹೊಸ ಪೊಟ್ಟಣ ಹರಿದೆ, ಮುತ್ತಿನ ಬಣ್ಣದ್ದು, ಅಂಗಡಿಯಲ್ಲೇ ಒಳ್ಳೇ ಮಾಲು. ಅದು ಮಾರೋದಲ್ವಾ ಅಕ್ಕ ಅಂತ ಅವಳು ಕೈ ಹಿಂದಕ್ಕೆ ಎಳ್ಕೊಂಡ್ಲು. ಬಾಯಿ ಮುಚ್ಕೊಂಡು ಹಿಡ್ಕೋ, ತುಂಬಿದ ಜಾಡಿ ಇಲ್ಲೇ ಇರಲಿ ಅಂತ ಅವಳ ಎರಡೂ ಕೈಗೆ ಸುರಿದೆ. ಪಕ್ಕದ ಬಾಗಿಲಿನಿಂದ ಬಕೆಟ್ ಯಜಮಾನ ತನ್ನ ಜಾಡಿ ಬಿಡದೆ, ಕತ್ತು ಮಾತ್ರ ಚಾಚಿ, ಏನಾಯ್ತಂತೆ ಅಂತ ಕೂಗ್ತಿದ್ದ.

ಅವಳು ಹೋಗೋಕೆ ತಿರುಗಿದಾಗ, ನಾಳೆ ಬಿಟ್ಟು ನಾಡಿದ್ದು ಒಂದನೇ ತಾರೀಕು, ಆ ಕಾಂಪ್ಲೆಕ್ಸಿನವರಿಗೆ ಏನು ಹೇಳ್ತೀಯ ಅಂತ ಕೇಳಿದೆ.

ಪುಟ್ಟಿ ತಿರುಗಿ ನೋಡಿದ್ಲು, ಭೂತಗನ್ನಡಿ ಇನ್ನೂ ಹಣೆ ಮೇಲೇ ಇತ್ತು. "ಪುರುಸೊತ್ತಿಲ್ಲ ಅಂತ ಹೇಳ್ತೀನಿ. ಬಿಡು ಅಕ್ಕ, ಅಲ್ಲಿ ನಾಲ್ಕು ಜನ ಕಾಯ್ತಿದಾರೆ" ಅಂದು, ಮುತ್ತಿನ ಗುಂಡಿ ಉದುರದ ಹಾಗೆ ಕೈ ಮುಚ್ಕೊಂಡು ಇಳಿಜಾರಿನಲ್ಲಿ ಓಡಿದ್ಲು. ಅವಳು ನನ್ನ ಬಾಗಿಲು ದಾಟಿ ಕೆಳಗೆ ಹೋಗಿದ್ದಕ್ಕೆ ನಾನು ನನ್ನ ಜಾಡಿಗೆ ಒಂದು ಗುಂಡಿ ಹಾಕಿದೆ.